ಯಾಜಕಕಾಂಡದಲ್ಲಿ ನಿಂತ ಓದು

ಪ್ರಶ್ನೆ: ನಿವೃತ್ತಿಯಾದ ಮೇಲೆ ಕ್ರೈಸ್ತ ಸಂತರ ಅಧ್ಯಾತ್ಮವನ್ನು ಓದಿ ತಿಳಿಯುವ ಆಸೆ ಹುಟ್ಟಿದೆ. ವಚನಗಳ ಓದು ಮೊದಲಿನಿಂದಲೂ ಇದೆ. ಬೈಬಲನ್ನು ಮೊದಲ ಪುಟದಿಂದ ಹಿಡಿದು ಯಾಜಕಕಾಂಡದಲ್ಲಿ ಕೈಬಿಟ್ಟೆ. ಎಲ್ಲಿಂದ ಶುರು ಮಾಡಲಿ?
— ಓದುಗರೊಬ್ಬರು, ಬಳ್ಳಾರಿ

ಉತ್ತರ: ಅಲ್ಲಿ ನಿಲ್ಲದವರೇ ಕಡಿಮೆ. ಬೈಬಲ್ ಒಂದೇ ಪುಸ್ತಕವಲ್ಲ, ಗ್ರಂಥಗಳ ಗಂಟು: ಪ್ರಾಟೆಸ್ಟೆಂಟರಲ್ಲಿ 66, ಕಥೋಲಿಕರಲ್ಲಿ 73. ಮೂರನೆಯದಾದ ಯಾಜಕಕಾಂಡದ ತುಂಬ ಬಲಿ, ಮಡಿ-ಮೈಲಿಗೆಯ ವಿಧಿಗಳೇ. ಸದ್ಯಕ್ಕೆ ಅದು ಹಾಗಿರಲಿ, ಯೇಸುವಿನ ಬದುಕನ್ನು ಹೇಳುವ ಮಾರ್ಕನ ಸುವಾರ್ತೆ ತೆಗೆಯಿರಿ. ಕಥೋಲಿಕ ಪ್ರತಿಯಲ್ಲಿ ‘ಶುಭಸಂದೇಶ’ ಎಂದಿರುತ್ತದೆ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಜೊತೆಗೆ ಬೈಬಲಿನದೇ ಕೀರ್ತನೆಗಳ ಗ್ರಂಥದಿಂದ ದಿನಕ್ಕೊಂದು. 150 ಇವೆ, ಐದು ತಿಂಗಳಿಗಾಯಿತು.

ಓದುವ ರೀತಿ ನಿಮಗೆ ಹೊಸದಲ್ಲ, ವಚನ ಓದಿದ ಹಾಗೆಯೇ. 12ನೇ ಶತಮಾನದ ಗ್ವಿಗೊ ಎಂಬ ಸನ್ಯಾಸಿ ಇದಕ್ಕೆ ನಾಲ್ಕು ಮೆಟ್ಟಿಲು ಹೇಳಿದ: ಓದು, ಮನನ, ಪ್ರಾರ್ಥನೆ, ಧ್ಯಾನ. ಮಾರ್ಕ 4:35–41 ನೋಡಿ. ಬಿರುಗಾಳಿ, ದೋಣಿಗೆ ನೀರು ನುಗ್ಗುತ್ತಿದೆ, ಯೇಸುವಿಗೆ ದಿಂಬಿನ ಮೇಲೆ ನಿದ್ದೆ. ಇದೇ ಪ್ರಸಂಗ ಮತ್ತಾಯ, ಲೂಕರ ಸುವಾರ್ತೆಗಳಲ್ಲೂ ಇದೆ, ದಿಂಬು ಮಾತ್ರ ಮಾರ್ಕನಲ್ಲೇ. ಆ ಏಳು ವಾಕ್ಯಗಳನ್ನು ಎರಡು ಸಲ ಬಾಯಿಬಿಟ್ಟು ಓದಿ, ಯಾವ ಮಾತು ಮನಸ್ಸಿಗೆ ತಾಗಿತೋ ಅಲ್ಲೇ ನಿಲ್ಲಿ. ಇಪ್ಪತ್ತು ನಿಮಿಷ ಸಾಕು. ಬಿಡುವಿದೆಯೆಂದು ದಿನಕ್ಕೆ ಹತ್ತು ಅಧ್ಯಾಯ ಎಳೆದರೆ ಕಥೆ ಉಳಿಯುತ್ತದೆ, ಮಾತು ಉಳಿಯುವುದಿಲ್ಲ.

ಅಂದ ಹಾಗೆ, ಕನ್ನಡದ ಮೊದಲ ಪೂರ್ಣ ಬೈಬಲ್‌ಗೂ ನಿಮ್ಮೂರಿಗೂ ನಂಟಿದೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕೈಹಾಕಿದ ಅನುವಾದ 1831ರಲ್ಲಿ ಪೂರ್ತಿಯಾಯಿತು. ಹಳೆಯ ಕನ್ನಡದ ರುಚಿ ಬೇರೆ, ನಿಜ. ದಿನದ ಓದಿಗೆ ಈಚಿನ ಅನುವಾದವೇ ಇರಲಿ.

ಸಂತರಿಗೆ ಆಮೇಲೆ ಬನ್ನಿ. ಅಗಸ್ಟೀನರ ‘ಕನ್ಫೆಷನ್ಸ್’ನಲ್ಲಿ 13 ಭಾಗ. ಮೊದಲ 9 ಜೀವನಕಥೆ. ಹತ್ತರಿಂದ ನೆನಪು, ಕಾಲ, ಸೃಷ್ಟಿಯ ಜಿಜ್ಞಾಸೆ. ಕಥೆಯ ಓಟದಲ್ಲಿ ಬಂದವರು ಅಲ್ಲಿ ಮುಗ್ಗರಿಸುತ್ತಾರೆ. ಒಂಬತ್ತು ಮುಗಿಸಿ ಕೆಳಗಿಡುವುದರಲ್ಲಿ ತಪ್ಪೇನಿಲ್ಲ. ಅವಿಲಾದ ತೆರೇಸಾ 1577ರಲ್ಲಿ ಬರೆದ ‘ಇಂಟೀರಿಯರ್ ಕ್ಯಾಸಲ್’ನಲ್ಲಿ ಆತ್ಮವೊಂದು ಕೋಟೆ, ಒಳಗೆ ಏಳು ನಿವಾಸಗಳು. ನಿಮಗೆ ವಚನಕಾರರ ಆರು ಮೆಟ್ಟಿಲ ಷಟ್‌ಸ್ಥಲ ನೆನಪಾದೀತು. ಆಗಲಿ, ಆದರೆ ಇದಕ್ಕದು, ಅದಕ್ಕಿದು ಎಂದು ಜೋಡಿಸಲು ಕೂರಬೇಡಿ, ಎರಡೂ ಕೆಡುತ್ತವೆ.

ಒಂದು ತೊಡಕು ಮೊದಲೇ ಗೊತ್ತಿರಲಿ. ಹಳೆಯ ಲ್ಯಾಟಿನ್ ಬೈಬಲ್ ಅನುಸರಿಸಿದ ಪುಸ್ತಕಗಳಲ್ಲಿ ಕೀರ್ತನೆಗಳ ಸಂಖ್ಯೆ ಹೆಚ್ಚಿನ ಕಡೆ ಒಂದು ಕಡಿಮೆ. ದೇವರನ್ನು ಕುರುಬನೆನ್ನುವ ಕೀರ್ತನೆ ನಿಮ್ಮ ಪ್ರತಿಯಲ್ಲಿ 23, ಅಲ್ಲಿ 22. ಉಲ್ಲೇಖ ತಾಳೆಯಾಗದಿದ್ದರೆ ಮುಂದಿನ ಕೀರ್ತನೆ ನೋಡಿ, ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ.