ಅರ್ಧಕ್ಕೆ ಮುಗಿಸೋದಾ, ಪೂರ್ತಿ ಕಟ್ಟೋದಾ? ದಾವಣಗೆರೆಯ ಒಂದು ಸಾಲದ ಪ್ರಕರಣ

ಮಂಜಣ್ಣ ಅವರು ದಾವಣಗೆರೆಯಲ್ಲಿ ಲಗೇಜ್ ಆಟೊ ಓಡಿಸುತ್ತಾರೆ. ಹೆಸರು ಬದಲಿಸಿದ್ದೇನೆ, ಗುರುತು ಸಿಗುವಂಥ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಎಪಿಎಂಸಿ ಯಾರ್ಡಿನ ಮೆಕ್ಕೆಜೋಳ, ಮಂಡಿಪೇಟೆಯ ಕಿರಾಣಿ ಮೂಟೆ, ಯಾವ ಬಾಡಿಗೆ ಸಿಕ್ಕರೂ ಹೋಗುತ್ತಾರೆ. ಹೆಂಡತಿ ರೇಣುಕಾ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಮಗಳು ಮೊದಲ ಪಿಯುಸಿ.

2024ರ ಮಳೆಗಾಲದಲ್ಲಿ ಹರಿಹರದ ಕಡೆ ಹೋಗುವಾಗ ಅಪಘಾತವಾಗಿ ಮಂಜಣ್ಣನ ಕಾಲು ಮುರಿಯಿತು. ನಾಲ್ಕು ತಿಂಗಳು ಗಾಡಿ ನಿಂತಿತು. ಮನೆ ನಡೆಸಲು ಕ್ರೆಡಿಟ್ ಕಾರ್ಡ್ ಉಜ್ಜಿದರು. ಅದು ಸಾಲದೆ ಮೊಬೈಲ್ ಆ್ಯಪ್‌ಗಳಲ್ಲಿ ಸಾಲ ತೆಗೆದರು. 2025ರ ಜನವರಿಯಲ್ಲಿ ದಂಪತಿ ಸಾಲದ ಬಗ್ಗೆ ಸಲಹೆ ಕೇಳಿ ನನ್ನ ಹತ್ತಿರ ಬಂದಾಗ ಲೆಕ್ಕ ಹೀಗಿತ್ತು. ಗಾಡಿ ಸಾಲ 1.9 ಲಕ್ಷ, ಅದರಲ್ಲಿ ಮೂರು ಕಂತು ಕಟ್ಟದೆ ತಪ್ಪಿತ್ತು. ಕಾರ್ಡ್‌ನಲ್ಲಿ 78,000. ಎರಡು ಆ್ಯಪ್ ಸಾಲ ಸೇರಿ 23,000. ರೇಣುಕಾ ಹೆಸರಲ್ಲಿ ಸಂಘದ ಸಾಲ, ವಾರಕ್ಕೆ 1,150. ಮಂಜಣ್ಣನ ಅಕ್ಕನಿಂದ ತಂದ ಕೈಸಾಲ 40,000.

ಅವರು ಕೇಳಿದ್ದು ಒಂದೇ ಪ್ರಶ್ನೆ. ಕಾರ್ಡ್ ವಸೂಲಿಯವರು ಫೋನ್ ಮಾಡಿ, ಒಂದು ವಾರದೊಳಗೆ 35,000 ಕಟ್ಟಿದರೆ ಲೆಕ್ಕ ಚುಕ್ತಾ ಅಂದಿದ್ದರಂತೆ. "ಮೀಟರ್ ಬಡ್ಡಿಗೆ ತಂದಾದ್ರೂ ಕಟ್ಟಿಬಿಡ್ಲೇನ್ರಿ ಮೇಡಂ? ಅರ್ಧಕ್ಕಿಂತ ಕಡಿಮೆಗೆ ಮುಗಿಯುತ್ತಲ್ರಿ" ಅಂದರು ಮಂಜಣ್ಣ.

ಆ ಪ್ರಶ್ನೆಗೆ ಅವತ್ತೇ ಉತ್ತರ ಕೊಡಲಿಲ್ಲ. ಮೊದಲು ಕ್ರೆಡಿಟ್ ವರದಿ ತೆಗೆಸಿದೆ. ಯಾವ ಸಾಲವನ್ನು ಹೇಗೆ ಕಟ್ಟಿದ್ದೇವೆ ಅನ್ನುವ ದಾಖಲೆ ಅದು, ಅದನ್ನು ನೋಡಿಯೇ ನಮಗೆ ಅಂಕ ಹಾಕುತ್ತಾರೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್, ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು ಅನ್ನುವುದು ಆರ್‌ಬಿಐ ನಿಯಮ. ನಮ್ಮ ವರದಿ ನಾವೇ ನೋಡಿದರೆ ಅಂಕ ಇಳಿಯುವುದಿಲ್ಲ. ಮಂಜಣ್ಣ ಇಳಿಯುತ್ತೆ ಅಂತಲೇ ನಂಬಿ ಇಷ್ಟು ದಿನ ನೋಡಿರಲಿಲ್ಲ. ಆದರೆ ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕೋ ಆ್ಯಪೋ ನೋಡಿದರೆ ಅದು ದಾಖಲಾಗುತ್ತದೆ. ಅವರು ಕಷ್ಟದ ತಿಂಗಳಲ್ಲಿ ಸಿಕ್ಕ ಸಿಕ್ಕ ಆ್ಯಪ್‌ಗಳಿಗೆ ಅರ್ಜಿ ಹಾಕಿದ್ದೆಲ್ಲ ಅಲ್ಲಿತ್ತು.

ವರದಿಯಲ್ಲಿ ಪ್ರತಿ ಸಾಲದ ಕೆಳಗೆ ತಿಂಗಳಿಗೊಂದು ಚೌಕ ಇರುತ್ತದೆ, 36 ತಿಂಗಳವರೆಗೆ. ಕಂತು ಎಷ್ಟು ದಿನ ತಡವಾಗಿದೆ ಅನ್ನುವುದು ಅದರಲ್ಲಿ ಕಾಣುತ್ತದೆ. ಗಾಡಿ ಸಾಲ 90 ದಿನ ದಾಟಲು ಸ್ವಲ್ಪವೇ ಉಳಿದಿತ್ತು. ದಾಟಿದರೆ ಅದು ಎನ್‌ಪಿಎ, ಅಂದರೆ ಸಾಲ ಕೊಟ್ಟವರ ಲೆಕ್ಕದಲ್ಲಿ ಕೆಟ್ಟ ಸಾಲ. ಆಮೇಲೆ ಒಂದೆರಡು ಕಂತು ಕಟ್ಟಿದರೆ ಆ ಹಣೆಪಟ್ಟಿ ಹೋಗುವುದಿಲ್ಲ, ಹಳೆ ಬಾಕಿ ಪೂರ್ತಿ ತೀರಬೇಕು. ಇನ್ನೊಂದು ವಿಷಯವೂ ಇತ್ತು. ಆ ಸಾಲಕ್ಕೆ ಜಾಮೀನು ಹಾಕಿದವರು ರೇಣುಕಾ ಅವರ ಅಣ್ಣ. ಸಾಲಗಾರ ತಪ್ಪಿಸಿದ ಕಂತು ಜಾಮೀನುದಾರನ ವರದಿಯಲ್ಲೂ ಕಾಣುತ್ತದೆ. ಇದನ್ನು ಹೇಳಿದಾಗ ಅದುವರೆಗೆ ಸುಮ್ಮನೆ ಕೂತಿದ್ದ ರೇಣುಕಾ ಬಾಯಿಬಿಟ್ಟರು: "ನಮ್ಮಣ್ಣ ಮನೆ ಸಾಲಕ್ಕೆ ಓಡಾಡ್ತಿದಾನೆ ಮೇಡಂ. ಅವನಿಗೆ ಯಾಕೆ ಕೊಡ್ತಿಲ್ಲ ಅಂತ ಈಗ ಗೊತ್ತಾಯ್ತು."

ಹಾಗಾಗಿ ಯಾವ ಸಾಲ ಮೊದಲು ಅನ್ನುವ ಪ್ರಶ್ನೆ ತಾನಾಗೇ ಬಗೆಹರಿಯಿತು. ಜಾಸ್ತಿ ಫೋನ್ ಮಾಡುವವರಿಗೆ ಮೊದಲು ಕಟ್ಟುವುದು ನಮ್ಮ ಜನರ ರೂಢಿ. ಅದು ತಪ್ಪು. ಅನ್ನ ಕೊಡುವ ಗಾಡಿ ಉಳಿಯಬೇಕು, ಇನ್ನೊಬ್ಬರ ಹೆಸರು ಕೆಡಬಾರದು. ಇವೆರಡು ಮೊದಲು.

ತಿಂಗಳ ಲೆಕ್ಕ ಹಾಕಿದೆವು. ಡೀಸೆಲ್, ರಿಪೇರಿ ಕಳೆದು ಆಟೊದಿಂದ 24,000, ಹೊಲಿಗೆಯಿಂದ 6,000. ಬಾಡಿಗೆ, ರೇಷನ್, ಮಗಳ ಕಾಲೇಜು, ಮಂಜಣ್ಣನ ತಾಯಿಯ ಬಿಪಿ ಮಾತ್ರೆ ಸೇರಿ ಖರ್ಚು 15,500. ಉಳಿಯುವುದು 14,500. ಗಾಡಿ ಕಂತು 9,200, ಸಂಘಕ್ಕೆ ತಿಂಗಳಿಗೆ ಸುಮಾರು 5,000. ಕೈಯಲ್ಲಿ 300 ರೂಪಾಯಿ! ಇದರಲ್ಲಿ ಕಾರ್ಡ್ ಕಟ್ಟೋದು ಹೇಗೆ? ಇದು ಸೋಮಾರಿಯ ಲೆಕ್ಕ ಅಲ್ಲ, ದುಂದುಗಾರನ ಲೆಕ್ಕವೂ ಅಲ್ಲ. ಮಂಜಣ್ಣನಿಗೆ ಅದನ್ನು ಬಾಯಿಬಿಟ್ಟೇ ಹೇಳಿದೆ. ಮರ್ಯಾದೆ ಹೋಯಿತು ಅಂತ ಕೊರಗುವವರು ಬ್ಯಾಂಕಿನ ಮುಂದೆ ಕೂತು ಮಾತಾಡಲಾರರು. ಇಲ್ಲಿ ಮಾತಾಡಲೇಬೇಕಿತ್ತು.

ಗಾಡಿ ಫೈನಾನ್ಸ್‌ನವರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ಸೇರಿಸಿ ಅರ್ಜಿ ಕೊಟ್ಟೆವು. ಉಳಿದಿದ್ದ 24 ತಿಂಗಳನ್ನು 40 ತಿಂಗಳು ಮಾಡಿ, ಕಂತನ್ನು 6,200ಕ್ಕೆ ಇಳಿಸಲು ಒಪ್ಪಿದರು. ಇದರಿಂದ ಒಟ್ಟು ಸುಮಾರು 27,000 ಜಾಸ್ತಿ ಕಟ್ಟಬೇಕಾಗುತ್ತದೆ. ವರದಿಯಲ್ಲಿ ಸಾಲ ಪುನರ್ರಚನೆ ಆಗಿದೆ ಅಂತಲೂ ಬರುತ್ತದೆ, ಅದೂ ಅಂಕಕ್ಕೆ ಪೆಟ್ಟೇ. ಎರಡನ್ನೂ ಸಹಿ ಹಾಕುವ ಮೊದಲೇ ವಿವರಿಸಿದೆ. ಗಾಡಿ ಜಪ್ತಿಯಾಗುವುದಕ್ಕಿಂತ ಇದು ನೂರು ಪಾಲು ಮೇಲು ಅನ್ನುವುದು ನನ್ನ ಅಭಿಪ್ರಾಯ.

ಇನ್ನು 35,000ದ ಪ್ರಶ್ನೆ. ನೂರಕ್ಕೆ ಐದರ ಬಡ್ಡಿಯಲ್ಲಿ ಅಷ್ಟು ತಂದರೆ ತಿಂಗಳಿಗೆ 1,750 ಬರೀ ಬಡ್ಡಿಗೇ ಹೋಗುತ್ತದೆ, ಅಸಲು ಹಾಗೇ ಇರುತ್ತದೆ. ಹಾಗೆ ರಾಜಿ ಮಾಡಿಕೊಂಡರೆ ವರದಿಯಲ್ಲಿ ಸಾಲ 'ಕ್ಲೋಸ್ಡ್' ಅಂತ ಬರುವುದಿಲ್ಲ, 'ಸೆಟಲ್ಡ್' ಅಂತ ಬರುತ್ತದೆ. ಮುಂದೆ ಸಾಲ ಕೊಡುವವರು ಅದನ್ನು, ಪೂರ್ತಿ ಕಟ್ಟಲಿಲ್ಲ ಅಂತಲೇ ಓದುತ್ತಾರೆ. ಕ್ರೆಡಿಟ್ ಕಂಪನಿಗಳು ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳುತ್ತವೆ. 2023ರ ಜೂನ್‌ನ ಆರ್‌ಬಿಐ ಸುತ್ತೋಲೆಯಂತೆ, ರಾಜಿ ಮಾಡಿಕೊಂಡ ಬ್ಯಾಂಕು ಅದೇ ಗ್ರಾಹಕನಿಗೆ ಕೃಷಿಯೇತರ ಸಾಲವನ್ನು ಮತ್ತೆ ಕೊಡಲು ಕನಿಷ್ಠ 12 ತಿಂಗಳು ಬಿಡಬೇಕು.

ಹಾಗಂತ ಸೆಟಲ್‌ಮೆಂಟ್ ಯಾವಾಗಲೂ ಕೆಟ್ಟದ್ದು ಅನ್ನುವವಳಲ್ಲ ನಾನು. ಕೈಯಲ್ಲಿ ಸ್ವಂತ ದುಡ್ಡಿದ್ದು, ಪೂರ್ತಿ ಕಟ್ಟುವ ದಾರಿಯೇ ಇಲ್ಲದಿದ್ದರೆ ಮಾಡಿಕೊಳ್ಳಿ ಅಂತಲೇ ಹೇಳುತ್ತೇನೆ. ಹೊಟ್ಟೆ ಕಟ್ಟಿ ಅಂಕ ಉಳಿಸಿಕೊಳ್ಳಬೇಕಾಗಿಲ್ಲ. ಮಂಜಣ್ಣನ ಹತ್ತಿರ ಆ ದುಡ್ಡು ಇರಲಿಲ್ಲ, ಬೇರೆ ದಾರಿ ಇತ್ತು. ಮೇಲಾಗಿ ಫೋನಿನಲ್ಲಿ ಹೇಳಿದ ಮಾತಿಗೆ ಬೆಲೆ ಇಲ್ಲ. ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಮೊತ್ತ, ಕೊನೆ ದಿನ, ಬಾಕಿ ಮನ್ನಾ ಅನ್ನುವುದು ಬರದೆ ಒಂದು ರೂಪಾಯಿಯನ್ನೂ ಕಟ್ಟಬಾರದು.

ನಾವು ಬ್ಯಾಂಕಿಗೇ ಬರೆದೆವು. ಬಾಕಿಯಲ್ಲಿ ತಡಪಾವತಿ ಶುಲ್ಕ ಮತ್ತು ಬಡ್ಡಿಯ ಪಾಲು ದೊಡ್ಡದಿತ್ತು. ಅದರಲ್ಲಿ 14,000 ಬಿಟ್ಟು, ಉಳಿದ 64,000ವನ್ನು ಶೇ 15ರ ಬಡ್ಡಿಯಲ್ಲಿ 30 ಕಂತು ಮಾಡಿದರು. ತಿಂಗಳಿಗೆ ಸುಮಾರು 2,570. ಕಾರ್ಡ್ ಬ್ಲಾಕ್ ಆಯಿತು, ಅದು ಒಳ್ಳೆಯದೇ. ಶುಲ್ಕ ಮನ್ನಾ ಮಾಡಿದ್ದೇವೆ ಅನ್ನುವ ನೆಪದಲ್ಲಿ ಕೊನೆಗೆ 'ಸೆಟಲ್ಡ್' ಅಂತ ಬರೆದುಬಿಟ್ಟರೆ? ಅದಕ್ಕೇ ಎಲ್ಲ ಕಂತು ಮುಗಿದ ಮೇಲೆ 'ಕ್ಲೋಸ್ಡ್' ಎಂದೇ ವರದಿ ಮಾಡುತ್ತೇವೆ ಅನ್ನುವ ಸಾಲನ್ನು ಪತ್ರದಲ್ಲಿ ಸೇರಿಸಲು ಹಟ ಹಿಡಿದೆವು. ಸೇರಿಸಿದರು.

ಆ್ಯಪ್ ಸಾಲ ಎರಡನ್ನೂ ಚೀಟಿ ಎತ್ತಿದ ದುಡ್ಡಿನಲ್ಲಿ ಒಂದೇ ಸಲ ತೀರಿಸಿದರು. ಅದಕ್ಕೂ ಹಿಂದೆ ತೀರಿಸಿದ್ದ ಮತ್ತೊಂದು ಆ್ಯಪ್ ಸಾಲ ವರದಿಯಲ್ಲಿ ಬಾಕಿ ಅಂತಲೇ ಇತ್ತು. ಅದಕ್ಕೆ ಕ್ರೆಡಿಟ್ ಕಂಪನಿಯ ವೆಬ್‌ಸೈಟಿನಲ್ಲೇ ತಕರಾರು ಹಾಕಿದೆವು. 30 ದಿನದಲ್ಲಿ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಅಷ್ಟರೊಳಗೇ ಸರಿಯಾಯಿತು. ಈ ನಡುವೆ ಯಾರೋ ಒಬ್ಬರು 8,000 ಕೊಟ್ಟರೆ ಸಿಬಿಲ್ ಕ್ಲೀನ್ ಮಾಡಿಸಿಕೊಡ್ತೀನಿ ಅಂದಿದ್ದರಂತೆ. ತಪ್ಪು ಮಾಹಿತಿಯನ್ನು ನಾವೇ ಪುಕ್ಕಟೆ ಸರಿಪಡಿಸಿಕೊಳ್ಳಬಹುದು. ನಿಜವಾದ ಮಾಹಿತಿಯನ್ನು ಯಾರಿಂದಲೂ ಅಳಿಸಲಾಗದು.

ವಸೂಲಿಯವರು ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತಿದ್ದರು. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಮಾಡುವಂತಿಲ್ಲ. ಕರೆಗಳ ಪಟ್ಟಿ ಸಮೇತ ಬ್ಯಾಂಕಿಗೆ ದೂರು ಕೊಟ್ಟ ಮೇಲೆ ನಿಂತಿತು. ನಿಲ್ಲದಿದ್ದರೆ, 30 ದಿನ ಕಾದು, ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗಬಹುದಿತ್ತು. ಸಹಾಯವಾಣಿ 14448.

ಕೈಸಾಲದ ಬಗ್ಗೆ ದಂಪತಿಯ ನಡುವೆ ನನ್ನೆದುರೇ ಜಗಳವಾಯಿತು. ಸಂಘದ ಕಂತನ್ನು ಎರಡು ತಿಂಗಳು ನಿಲ್ಲಿಸಿ ಅಕ್ಕನಿಗೆ ಕೊಡೋಣ ಅಂತ ಮಂಜಣ್ಣ. ಬೇಡ ಅಂದೆ. ಸಂಘದ ಸಾಲವೂ ಕ್ರೆಡಿಟ್ ಕಂಪನಿಗಳಿಗೆ ವರದಿಯಾಗುತ್ತದೆ, ಅದೂ ರೇಣುಕಾ ಹೆಸರಲ್ಲೇ. ಅವರ ವರದಿಯಲ್ಲಿ ಒಂದೂ ಕಂತು ತಪ್ಪಿರಲಿಲ್ಲ. ಮುಂದೆ ಮಗಳಿಗೆ ಶಿಕ್ಷಣ ಸಾಲ ಬೇಕಾಗುತ್ತದೆ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನ ಕೇಳುವುದಿಲ್ಲ, ಆದರೆ ಪೋಷಕರು ಜಂಟಿ ಸಾಲಗಾರರಾಗಬೇಕು. ಆಗ ಸಹಿ ಹಾಕುವವರು ಅಮ್ಮನೇ ಆಗಲಿ ಅಂದೆ. ಈ ಮನೆಯಲ್ಲಿ ಇರುವ ದೊಡ್ಡ ಆಸ್ತಿ ರೇಣುಕಾ ಅವರ ಆ ವರದಿ. ಅಕ್ಕನ ಮನೆಗೆ ದಂಪತಿ ಜೊತೆಯಾಗಿ ಹೋಗಿ, ಎಲ್ಲ ಬಿಚ್ಚಿ ಹೇಳಿ ಟೈಮ್ ಕೇಳಿದರು. ಅವರು ಒಪ್ಪಿದರು.

ಎಂಟು ತಿಂಗಳಿಗೆ ಸಂಘದ ಸಾಲ ಮುಗಿಯಿತು. ಹೊಸದು ತಗೊಳ್ಳಿ ಅಂತ ಒತ್ತಾಯ ಬಂತು. ರೇಣುಕಾ ತಗೊಳ್ಳಲಿಲ್ಲ. ಉಳಿದ 5,000ದಲ್ಲಿ 3,000 ಅಕ್ಕನಿಗೆ, 2,000 ಪೋಸ್ಟ್ ಆಫೀಸಿನ ಆರ್‌ಡಿಗೆ. ಮಂಜಣ್ಣನ ಅಂಕ ಒಂದು ವರ್ಷದಲ್ಲಿ ಸ್ವಲ್ಪ ಏರಿದೆ, ಇನ್ನೂ ಬ್ಯಾಂಕು ಒಪ್ಪುವ ಮಟ್ಟಕ್ಕಿಲ್ಲ. ಹೊಸ ಸಾಲಕ್ಕೆ ಎಲ್ಲೂ ಅರ್ಜಿ ಹಾಕಬೇಡಿ ಅಂದಿದ್ದೇನೆ. ಕಾರ್ಡ್ ಕಂತು ಮುಗಿದ ತಕ್ಷಣ ಎನ್‌ಒಸಿ, ಅಂದರೆ ಬಾಕಿ ಏನೂ ಇಲ್ಲ ಅನ್ನುವ ಪತ್ರ ತೆಗೆದುಕೊಂಡು, ತಿಂಗಳ ನಂತರ ವರದಿ ನೋಡಬೇಕು. ಗಾಡಿ ಸಾಲ ಮುಗಿದಾಗ ಎನ್‌ಒಸಿ ಜೊತೆ ಫಾರಂ 35 ಇಸಿದುಕೊಂಡು, ಆರ್‌ಟಿಒದಲ್ಲಿ ಆರ್‌ಸಿಯಿಂದ ಫೈನಾನ್ಸ್ ಹೆಸರು ತೆಗೆಸಬೇಕು. ಅಣ್ಣನ ವರದಿಯಲ್ಲೂ ಆ ಸಾಲ ಮುಗಿದಿದೆ ಅಂತ ಬಂದಿದೆಯಾ ನೋಡೋದು ರೇಣುಕಾ ಕೆಲಸ.