ರೈಫಲ್ ಬದಲಿಸುವ ಮೊದಲು

ಪ್ರಶ್ನೆ: ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಗಾಗಿ ಅಭ್ಯಾಸ ಮಾಡುತ್ತಿದ್ದೇನೆ. ನನ್ನದು ಮಧ್ಯಮ ದರ್ಜೆಯ ರೈಫಲ್. ಕೆಲವು ತಿಂಗಳಿಂದ ಅಂಕಗಳು ನಿಂತಲ್ಲೇ ನಿಂತಿವೆ. ಬ್ಯಾರೆಲ್ ಬದಲಿಸಿ ಎಂದು ಒಬ್ಬರು ಹೇಳಿದರೆ, ಟ್ರಿಗರ್ ಬದಲಿಸಿ ಎಂದು ಮತ್ತೊಬ್ಬರು ಹೇಳುತ್ತಾರೆ. ಮೊದಲು ಯಾವುದಕ್ಕೆ ಕೈಹಾಕಲಿ?

ಉತ್ತರ: ಸದ್ಯಕ್ಕೆ ಎರಡಕ್ಕೂ ಬೇಡ. ಕೊರತೆ ರೈಫಲ್ಲಿನಲ್ಲಿದೆಯೋ ಹಿಡಿಯುವ ಕೈಯಲ್ಲಿದೆಯೋ ಎಂಬುದು ಗೊತ್ತಾಗದೆ ಬಿಡಿಭಾಗಗಳಿಗೆ ಹಣ ಸುರಿಯುವುದು ವ್ಯರ್ಥ, ಮತ್ತು ಅದನ್ನು ಗೊತ್ತುಮಾಡಿಕೊಳ್ಳುವುದು ಕಷ್ಟವೇನಲ್ಲ. ಶೂಟಿಂಗ್ ರೇಂಜಿನಲ್ಲಿ ಮೇಜಿನ ಮೇಲೆ ಮರಳಿನ ಚೀಲವಿಟ್ಟು, ಅದರ ಮೇಲೆ ರೈಫಲ್ಲಿನ ಸ್ಟಾಕಿನ, ಅಂದರೆ ಬ್ಯಾರೆಲನ್ನು ಹೊತ್ತ ಹಿಡಿಯ, ಮುಂಭಾಗವನ್ನು (ಬ್ಯಾರೆಲನ್ನಲ್ಲ) ಊರಿ, ಒಂದೇ ಗುರಿ ಕಾರ್ಡಿಗೆ ಹತ್ತು ಪೆಲೆಟ್ (ಏರ್ ರೈಫಲ್ಲಿನ ಪುಟ್ಟ ಗುಂಡು) ಹಾರಿಸಿ. ಹತ್ತು ಅಂಕದ ಚುಕ್ಕೆಯ ವ್ಯಾಸ ಕೇವಲ 0.5 ಮಿ.ಮೀ. ಆದರೂ ಪೆಲೆಟ್ 4.5 ಮಿ.ಮೀ. ದಪ್ಪವಿದ್ದು, ಅದರ ಅಂಚು ಚುಕ್ಕೆಯನ್ನು ತಾಗಿದರೂ ಹತ್ತು ಸಿಗುವುದರಿಂದ, ಪೆಲೆಟ್ಟಿನ ನಡು ಗುರಿಯ ನಡುವಿನಿಂದ 2.5 ಮಿ.ಮೀ. ಅತ್ತಿತ್ತ ಸರಿದರೂ ಹತ್ತು ಅಂಕಕ್ಕೆ ಕುಂದಿಲ್ಲ. ಅಂದರೆ ಹತ್ತು ರಂಧ್ರಗಳೂ ಸೇರಿ ಆದ ತೂತು ಸುಮಾರು 9 ಮಿ.ಮೀ. ಅಗಲದೊಳಗೆ ಉಳಿದರೆ, ಸೈಟನ್ನು (ಗುರಿ ನೋಡುವ ಸಾಧನ) ಸರಿಯಾಗಿ ಹೊಂದಿಸಿದ ಆ ರೈಫಲ್ ಪ್ರತಿ ಸಲವೂ ಹತ್ತನ್ನು ಕೊಡಬಲ್ಲದು, ಕಳೆದುಹೋಗುತ್ತಿರುವ ಅಂಕಗಳಿಗೆ ಅದು ಹೊಣೆಯಲ್ಲ.

ತೂತು ಅದಕ್ಕಿಂತ ಹರಡಿಕೊಂಡರೂ ಬ್ಯಾರೆಲನ್ನು ದೂರಬೇಡಿ. ಸ್ಟಾಕಿನ ಸ್ಕ್ರೂಗಳು ತಯಾರಕರು ಹೇಳಿದಷ್ಟು ಬಿಗಿಯಾಗಿವೆಯೇ, ಹಿಂದಿನ ಸೈಟ್ ಅಲುಗುತ್ತಿದೆಯೇ ಎಂದು ನೋಡಿ. ಆಮೇಲೆ ಪೆಲೆಟ್ ಬದಲಿಸಿ ನೋಡಿ. ಒಂದೇ ಕಂಪನಿಯ ಪೆಲೆಟ್ಟುಗಳಲ್ಲೂ ತಲೆಯ ಅಳತೆ 4.49, 4.50, 4.51 ಮಿ.ಮೀ. ಎಂದು ಬೇರೆ ಬೇರೆ ಇರುತ್ತದೆ, ಯಾವ ಬ್ಯಾರೆಲ್ಲಿಗೆ ಯಾವುದು ಒಗ್ಗುತ್ತದೆ ಎಂಬುದನ್ನು ಹಾರಿಸಿಯೇ ತಿಳಿಯಬೇಕು. ಒಗ್ಗಿದ ಪೆಲೆಟ್ ಸಿಕ್ಕಾಗ ಅದೇ ತಯಾರಿಕಾ ಸರಣಿಯ ಡಬ್ಬಿಗಳನ್ನು ಸಾಕಷ್ಟು ಕೊಂಡಿಡುವುದು, ನನ್ನ ಅಭಿಪ್ರಾಯದಲ್ಲಿ, ಈ ಕ್ರೀಡೆಯಲ್ಲಿ ಮಾಡಬಹುದಾದ ಅತ್ಯಂತ ಸಾರ್ಥಕ ಖರ್ಚು.

ಇನ್ನು ರೈಫಲ್ ನಿಮ್ಮ ಮೈಗೆ ಹೊಂದುವ ವಿಚಾರ. ಬಹುತೇಕರು ಇದನ್ನೇ ಕಡೆಗಣಿಸುತ್ತಾರೆ. ಕಣ್ಣು ಮುಚ್ಚಿ ರೈಫಲನ್ನು ಭುಜಕ್ಕೇರಿಸಿ, ಕೆನ್ನೆಯನ್ನು ಅದರ ಪಾಡಿಗೆ ಚೀಕ್‌ಪೀಸಿನ ಮೇಲೆ ಇಳಿಸಿ, ಕಣ್ಣು ತೆರೆಯಿರಿ. ಮುಂದಿನ ಸೈಟ್ ಹಿಂದಿನ ಸೈಟಿನ ರಂಧ್ರದ ನಟ್ಟನಡುವೆ ಕಾಣಬೇಕು. ಅದಕ್ಕಾಗಿ ಕತ್ತನ್ನು ಚಾಚಬೇಕಾಗಿ ಬಂದರೆ ಚೀಕ್‌ಪೀಸಿನ ಎತ್ತರವನ್ನೂ ಭುಜಕ್ಕೆ ಒತ್ತುವ ಬಟ್‌ಪ್ಲೇಟಿನ ಉದ್ದವನ್ನೂ ಸರಿಪಡಿಸಿ. ಎರಡು ಸೈಟ್‌ಗಳ ನಡುವಿನ ದೂರ ಮುಕ್ಕಾಲು ಮೀಟರ್ ಎಂದಿಟ್ಟುಕೊಂಡರೆ, ಅವುಗಳ ಸಾಲಿನಲ್ಲಿ 0.1 ಮಿ.ಮೀ. ತಪ್ಪಿದರೂ ಗುರಿಯಲ್ಲಿ ಅದು 1.3 ಮಿ.ಮೀ. ಆಗುತ್ತದೆ. ಈ ಹೊಂದಾಣಿಕೆಗೆ ಬೇಕಾಗುವುದು ಒಂದು ಅಲೆನ್ ಕೀ ಮತ್ತು ಒಂದು ಸಂಜೆಯ ತಾಳ್ಮೆ ಮಾತ್ರ. ಟ್ರಿಗರನ್ನೂ ಹೀಗೆಯೇ ಹೊಂದಿಸಿಕೊಳ್ಳಬಹುದು, ಆದರೆ ತಯಾರಕರು ಸೂಚಿಸಿದ ಮಿತಿಗಿಂತ ಹಗುರ ಮಾಡಬೇಡಿ.

ಉಳಿದ ಶ್ರಮವೆಲ್ಲ ಅಭ್ಯಾಸಕ್ಕೆ ಸೇರಬೇಕು. ಪೆಲೆಟ್ ಹೊರಟ ಮೇಲೂ ಒಂದೆರಡು ಕ್ಷಣ ಸೈಟ್ ಚಿತ್ರವನ್ನು ನೋಡುತ್ತಲೇ ಇರುವುದನ್ನು ಮೊದಲು ರೂಢಿಸಿಕೊಳ್ಳಿ. ಟ್ರಿಗರ್ ಒತ್ತಿದ ಕೂಡಲೇ ತಲೆ ಎತ್ತುವವರ ಕೈ, ಪೆಲೆಟ್ ಬ್ಯಾರೆಲ್ ದಾಟುವ ಮೊದಲೇ ಸಡಿಲವಾಗಿರುತ್ತದೆ.

ಪ್ರಶ್ನೆ: ಗುಂಡಿಲ್ಲದೆ ಟ್ರಿಗರ್ ಒತ್ತಿ ಅಭ್ಯಾಸ ಮಾಡಿದರೆ ರೈಫಲ್ ಹಾಳಾಗುವುದೇ?

ಉತ್ತರ: ಅದು ರೈಫಲ್ಲಿನ ಬಗೆಯನ್ನು ಅವಲಂಬಿಸಿದೆ. ಸ್ಪರ್ಧೆಯ ಏರ್ ರೈಫಲ್‌ಗಳಲ್ಲಿ ಸಾಮಾನ್ಯವಾಗಿ ಇದಕ್ಕೆಂದೇ ಪ್ರತ್ಯೇಕ ವ್ಯವಸ್ಥೆಯಿರುತ್ತದೆ. ಸ್ಪ್ರಿಂಗ್ ಏರ್ ರೈಫಲ್ಲಿನಲ್ಲಿ ಮಾತ್ರ ಹಾಗೆ ಮಾಡಬಾರದು, ಎದುರಿಗೆ ಪೆಲೆಟ್ ಇಲ್ಲದಿದ್ದರೆ ಪಿಸ್ಟನ್ ಸಿಲಿಂಡರಿನ ಕೊನೆಗೆ ಅಪ್ಪಳಿಸುತ್ತದೆ. ಮದ್ದಿನ ಗುಂಡು ಹಾರಿಸುವ ಕೆಲವು .22 (0.22 ಇಂಚಿನ) ರೈಫಲ್‌ಗಳಲ್ಲಿ, ಗುಂಡನ್ನು ಸಿಡಿಸುವ ಫೈರಿಂಗ್ ಪಿನ್ ಚೇಂಬರಿನ (ಗುಂಡು ಕೂರುವ ಗೂಡು) ಅಂಚಿಗೆ ಬಡಿದು ಗುರುತು ಬೀಳುವುದುಂಟು, ಆದ್ದರಿಂದ ಕೈಪಿಡಿಯನ್ನು ಓದಿಕೊಂಡೇ ಮುಂದುವರಿಯಿರಿ. ಯಾವುದೇ ರೈಫಲ್ ಆಗಲಿ, ಅಭ್ಯಾಸಕ್ಕೆ ಮೊದಲು ಚೇಂಬರ್ ಖಾಲಿಯಿದೆಯೇ ಎಂದು ಕಣ್ಣಾರೆ ನೋಡಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಡಿ.