ಗೆದ್ದ ಮೇಲೂ ತುರಾಂ ಯಾಕೆ ಸುಮ್ಮನಿರಲಿಲ್ಲ?

ಕಳೆದ ಸಂಚಿಕೆಯಲ್ಲಿ ಫ್ರಾನ್ಸಿನ ಮಾಜಿ ಫುಟ್‌ಬಾಲ್ ಡಿಫೆಂಡರ್ (ಎದುರಾಳಿ ಗೋಲು ಹೊಡೆಯದಂತೆ ತಡೆಯುವ ಆಟಗಾರ) ಲಿಲಿಯಾನ್ ತುರಾಂ ಬಗ್ಗೆ ಬಂದ ಲೇಖನ ಓದಿ ಬೆಂಗಳೂರಿನ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಮೂಲ ಯಾದಗಿರಿ ಕಡೆಯವರು. ಪತ್ರದ ಸಾರ ಇಷ್ಟು: "ತುರಾಂ ಹುಟ್ಟಿದ ಗ್ವಾಡೆಲೂಪ್ ಫ್ರಾನ್ಸಿನದೇ ಭಾಗ. ಅವರನ್ನು ವಲಸೆ ಬಂದವರ ಸಾಲಿಗೆ ಸೇರಿಸಿದ್ದು ಸರಿಯಲ್ಲ. ಇನ್ನೊಂದು, ಅಷ್ಟು ಒಳ್ಳೆಯ ಆಟಗಾರ ಬಣ್ಣ, ರಾಜಕೀಯ ಅಂತ ಮಾತಾಡಿ ಹೆಸರು ಕೆಡಿಸಿಕೊಳ್ಳಬೇಕಿತ್ತಾ? ಗೆದ್ದು ತೋರಿಸಿದ ಮೇಲೆ ಸುಮ್ನೆ ಇರಬಹುದಿತ್ತು. ನನ್ನ ಮಗನೂ ಡಿಫೆಂಡರ್. ಯಾರು ಏನೇ ಅಂದರೂ ಬಾಯಿ ಬಿಡಬೇಡ, ಆಟ ಆಡು ಅಂತಲೇ ಅವನಿಗೆ ಹೇಳುತ್ತೇನೆ."

ನಿಮ್ಮ ಮೊದಲ ಮಾತು ಕಾನೂನಿನ ಪ್ರಕಾರ ಸರಿ. ಗ್ವಾಡೆಲೂಪ್ ಕೆರಿಬಿಯನ್ ಸಮುದ್ರದಲ್ಲಿದ್ದರೂ ಆಡಳಿತ ಫ್ರಾನ್ಸಿನದು, ಅಲ್ಲಿಯ ಜನ ಫ್ರೆಂಚ್ ಪ್ರಜೆಗಳೇ. ಆದರೆ ತುರಾಂ ಬದುಕನ್ನು ನೋಡಿ. 1972ರಲ್ಲಿ ಹುಟ್ಟಿದರು. ಐದು ಮಕ್ಕಳನ್ನು ಒಬ್ಬರೇ ಸಾಕುತ್ತಿದ್ದ ತಾಯಿ ದುಡಿಮೆ ಹುಡುಕಿಕೊಂಡು ಮೊದಲು ತಾವೊಬ್ಬರೇ ಪ್ಯಾರಿಸ್ ಕಡೆಗೆ ಹೋದರು, ಮನೆಗೆಲಸಕ್ಕೆ ಸೇರಿದರು, ಆಮೇಲೆ 1981ರಲ್ಲಿ ಮಕ್ಕಳನ್ನು ಕರೆಸಿಕೊಂಡರು. ಯಾದಗಿರಿಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬರುವವರಿಗೂ ಪಾಸ್‌ಪೋರ್ಟ್ ಬೇಕಿಲ್ಲ ಅಲ್ವಾ? ರಾಜ್ಯ ಒಂದೇ, ಭಾಷೆ ಒಂದೇ. ಆದರೂ ಆ ಮಕ್ಕಳ ಮಾತಿನ ಧಾಟಿ ಕೇಳಿ ಶಾಲೆಯಲ್ಲಿ ಉಳಿದವರು ನಗುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಒಂಬತ್ತು ವರ್ಷದ ತುರಾಂಗೂ ಹಾಗೇ ಆಯಿತು. ಆಗ ಟಿವಿಯಲ್ಲಿ ಒಂದು ಕಾರ್ಟೂನ್ ಬರುತ್ತಿತ್ತು, ಅದರಲ್ಲೊಂದು ಕಪ್ಪು ಹಸು. ಕ್ಲಾಸಿನ ಹುಡುಗರು ಆ ಹಸುವಿನ ಹೆಸರು ಹಿಡಿದು ಇವರನ್ನು ಕರೆದರು. ತಾನು ಕರಿಯ ಎಂಬುದು ತನಗೆ ಗೊತ್ತಾದದ್ದೇ ಆ ವಯಸ್ಸಿನಲ್ಲಿ ಅಂತ ತುರಾಂ ಆಮೇಲೆ ಎಷ್ಟೋ ಸಲ ಹೇಳಿದ್ದಾರೆ. ಮನೆಗೆ ಬಂದು ತಾಯಿಯನ್ನು ಕೇಳಿದರೆ ಅವರು ಹೇಳಿದ್ದು, ಜನ ಇರೋದೇ ಹೀಗೆ, ಬದಲಾಗಲ್ಲ ಅಂತ. ಆ ತಾಯಿಯನ್ನು ನಾನು ದೂರುವುದಿಲ್ಲ. ದಿನವೆಲ್ಲ ದುಡಿದು ಬಂದವರು ಇನ್ನೇನು ಹೇಳಿಯಾರು? ಆದರೆ ಆ ಉತ್ತರದಿಂದ ಹುಡುಗನಿಗೆ ಸಮಾಧಾನ ಆಗಲಿಲ್ಲ. ನೀವು ಮಗನಿಗೆ ಹೇಳುತ್ತಿರುವುದೂ ಹೆಚ್ಚುಕಡಿಮೆ ಇದೇ ಮಾತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆಟದ ವಿಷಯ. ಫಾಂಟೆನ್‌ಬ್ಲೋ ಊರಲ್ಲಿ ಪೋರ್ಚುಗಲ್‌ನಿಂದ ಬಂದವರು ಕಟ್ಟಿದ್ದ ಒಂದು ಸಣ್ಣ ಕ್ಲಬ್ಬಿನಲ್ಲಿ ತುರಾಂ ಆಡಿ ಬೆಳೆದರು. ಅಲ್ಲಿಂದ ಮೊನಾಕೊ ಕ್ಲಬ್, ಅಲ್ಲಿ ಕೋಚ್ ಅರ್ಸೆನ್ ವೆಂಗರ್. 1996ರಲ್ಲಿ ಇಟಲಿಯ ಪಾರ್ಮಾ ಸೇರಿದರು. ಗೋಲಿನಲ್ಲಿ ಬುಫೋನ್, ಹಿಂದಿನ ಸಾಲಿನಲ್ಲಿ ಕನ್ನವಾರೊ ಮತ್ತು ತುರಾಂ, ಇಂಥ ತಂಡ 1999ರ ಯುಇಎಫ್‌ಎ ಕಪ್ (ಯುರೋಪಿನ ಕ್ಲಬ್ಬುಗಳ ಟೂರ್ನಿ) ಫೈನಲ್‌ನಲ್ಲಿ ಫ್ರಾನ್ಸಿನ ಮಾರ್ಸೇ ಕ್ಲಬ್ಬನ್ನು 3-0 ಅಂತರದಲ್ಲಿ ಸೋಲಿಸಿತು. ಆಮೇಲೆ ಯುವೆಂಟಸ್, ಕೊನೆಗೆ ಬಾರ್ಸಿಲೋನಾ. ಫ್ರಾನ್ಸ್ ಪರ ಆಡಿದ್ದು 142 ಪಂದ್ಯ. ಹೊಡೆದ ಗೋಲು ಎರಡೇ ಎರಡು.

ಆ ಎರಡೂ ಒಂದೇ ಪಂದ್ಯದಲ್ಲಿ ಬಂದವು, 1998ರ ವಿಶ್ವಕಪ್ ಸೆಮಿಫೈನಲ್, ಕ್ರೊಯೇಷಿಯಾ ವಿರುದ್ಧ. ಎರಡನೇ ಅರ್ಧ ಶುರುವಾಗುತ್ತಿದ್ದ ಹಾಗೆ ಕ್ರೊಯೇಷಿಯಾದ ಶೂಕರ್ ಗೋಲು ಹೊಡೆದರು. ತುರಾಂ ತಮ್ಮ ಸಾಲಿಗಿಂತ ಹಿಂದೆ ನಿಂತುಬಿಟ್ಟಿದ್ದರು, ಹಾಗಾಗಿ ಶೂಕರ್ ಆಫ್‌ಸೈಡ್, ಅಂದರೆ ಡಿಫೆಂಡರ್‌ಗಳನ್ನು ದಾಟಿ ಮುಂದೆ ನಿಂತ ತಪ್ಪು, ಆಗಲಿಲ್ಲ. ಮರುನಿಮಿಷವೇ ತುರಾಂ ಎದುರಾಳಿಗಳ ಗೋಲಿನ ಹತ್ತಿರಕ್ಕೇ ನುಗ್ಗಿ ಅವರ ಬೋಬನ್ ಕಾಲಿನಿಂದ ಚೆಂಡು ಕಿತ್ತುಕೊಂಡು, ತಮ್ಮ ತಂಡದ ಜೋರ್ಕಾಯೆಫ್‌ಗೆ ಕೊಟ್ಟು, ವಾಪಸ್ ಪಡೆದು, ಗೋಲು ಹೊಡೆದರು. ಎರಡನೆಯದು ಪೆನಾಲ್ಟಿ ಬಾಕ್ಸಿನ ಅಂಚಿನಿಂದ ಎಡಗಾಲಲ್ಲಿ. ಮಂಡಿಯೂರಿ, ತುಟಿಗೆ ಬೆರಳಿಟ್ಟು ಯೋಚಿಸುತ್ತಿರುವವರ ಹಾಗೆ ಕೂತ ಆ ಫೋಟೊ ನೀವೂ ನೋಡಿರುತ್ತೀರಿ. ಜನಕ್ಕೆ ನೆನಪಿರುವುದು ಅದು. ಆದರೆ ಮೊದಲ ಗೋಲು ಹುಟ್ಟಿದ್ದೇ ಒಬ್ಬ ಡಿಫೆಂಡರ್ ದಿನಾ ಮಾಡುವ ಕೆಲಸದಿಂದ, ಅಂದರೆ ಚೆಂಡು ಕಿತ್ತುಕೊಳ್ಳುವುದರಿಂದ! ತುರಾಂ, ಬ್ಲಾಂ, ಘಾನಾದಲ್ಲಿ ಹುಟ್ಟಿದ ದೆಸಾಯಿ, ಲಿಜರಾಜು, ಈ ನಾಲ್ವರು ಮುಖ್ಯವಾಗಿದ್ದ ಹಿಂದಿನ ಸಾಲನ್ನಿಟ್ಟುಕೊಂಡು ಫ್ರಾನ್ಸ್ ಆ ಇಡೀ ವಿಶ್ವಕಪ್‌ನಲ್ಲಿ ಬಿಟ್ಟುಕೊಟ್ಟದ್ದು ಏಳು ಪಂದ್ಯಕ್ಕೆ ಎರಡು ಗೋಲು. ಆ ಸಾಧನೆಯ ಫೋಟೊ ಯಾರ ಗೋಡೆಯ ಮೇಲೂ ಇರುವುದಿಲ್ಲ, ನನಗೆ ಅದೇ ಬೇಸರ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಗೆದ್ದು ತೋರಿಸಿದರೆ ಸಾಕಿತ್ತು ಅನ್ನುತ್ತೀರಿ. ಸಾಕಾಯಿತಾ? 1996ರಲ್ಲಿ ಫ್ರಾನ್ಸ್ ತಂಡದಲ್ಲಿ ವಿದೇಶಿಗಳು ತುಂಬಿದ್ದಾರೆ ಅಂತ ಆಕ್ಷೇಪಿಸಿದ್ದ ರಾಜಕಾರಣಿ ಜಾನ್ ಮರಿ ಲೆ ಪೆನ್, ಮಧ್ಯದಲ್ಲಿ ಒಂದು ವಿಶ್ವಕಪ್, ಒಂದು ಯೂರೊ ಕಪ್ ಗೆದ್ದುಕೊಟ್ಟ ಮೇಲೂ, 2006ರಲ್ಲಿ ತಂಡದಲ್ಲಿ ಕರಿಯರು ಜಾಸ್ತಿ ಆದರು ಅಂತ ಮತ್ತೆ ಶುರು ಮಾಡಿದರು. ಆಗ ತುರಾಂಗೆ 34 ವರ್ಷ. ಕರಿಯರೂ ಫ್ರೆಂಚರೇ ಅನ್ನುವುದು ಈ ಮನುಷ್ಯನಿಗೆ ಗೊತ್ತಿಲ್ಲ ಅಂತ ಪತ್ರಕರ್ತರ ಮುಂದೆ ನೇರವಾಗಿ ಹೇಳಿದರು. ಆಮೇಲೆ ಅದೇ ವರ್ಷದ ವಿಶ್ವಕಪ್‌ನಲ್ಲಿ ಪೋರ್ಚುಗಲ್ ವಿರುದ್ಧದ ಸೆಮಿಫೈನಲ್‌ನಲ್ಲಿ ಪಂದ್ಯಶ್ರೇಷ್ಠರಾದರು. ಮಾತಾಡಿದ್ದರಿಂದ ಆಟ ಕೆಡಲಿಲ್ಲ, ಗಮನಿಸಿ.

ಅದಕ್ಕೂ ಹಿಂದಿನ ವರ್ಷ ಗೃಹಮಂತ್ರಿ ಸರ್ಕೋಜಿ ಉಪನಗರದ ಪುಂಡ ಹುಡುಗರನ್ನು ಕೊಳಕು ಪದ ಬಳಸಿ ಬೈದಾಗ, ಗಲಭೆ ಹತ್ತಿ ಉರಿಯುತ್ತಿದ್ದಾಗ, ನಾನೂ ಅಂಥ ಬಡಾವಣೆಯಲ್ಲೇ ಬೆಳೆದವನು, ಈ ಸಿಟ್ಟು ಎಲ್ಲಿಂದ ಬಂತು ಅಂತ ಮೊದಲು ಕೇಳಿ ಅಂದರು ತುರಾಂ. 2006ರ ಸೆಪ್ಟೆಂಬರ್‌ನಲ್ಲಿ, ಕಶಾಂ ಎಂಬಲ್ಲಿ ಪೊಲೀಸರು ಎಬ್ಬಿಸಿ ಹೊರಹಾಕಿದ್ದ ವಲಸೆ ಕುಟುಂಬಗಳ ಸುಮಾರು 80 ಮಂದಿಯನ್ನು ಫ್ರಾನ್ಸ್–ಇಟಲಿ ಪಂದ್ಯಕ್ಕೆ ಕರೆಸಿಕೊಂಡರು. ಬೈಸಿಕೊಂಡರು ಕೂಡ. 2019ರಲ್ಲಿ ಬಿಳಿಯರ ಮೇಲರಿಮೆ ಬಗ್ಗೆ ಅವರು ಆಡಿದ ಮಾತು ದೊಡ್ಡ ಗದ್ದಲವಾಯಿತು. ಅದನ್ನು ಇನ್ನಷ್ಟು ಬಿಡಿಸಿ ಹೇಳಬೇಕಿತ್ತು ಅಂತ ನನಗೂ ಅನಿಸುತ್ತದೆ. ಆದರೆ ಸುಮ್ಮನಿರಬೇಕಿತ್ತು ಅಂತ ಅನಿಸುವುದಿಲ್ಲ.

2008ರಲ್ಲಿ ಪ್ಯಾರಿಸ್ ಕ್ಲಬ್ಬಿಗೆ ಸೇರುವ ಮುಂಚಿನ ತಪಾಸಣೆಯಲ್ಲಿ ಹೃದಯದ ತೊಂದರೆ ಕಂಡಿತು. ಅಣ್ಣತಮ್ಮಂದಿರಲ್ಲಿ ಒಬ್ಬರು ಇಂಥದ್ದೇ ತೊಂದರೆಯಿಂದ ಬಾಸ್ಕೆಟ್‌ಬಾಲ್ ಆಡುವಾಗಲೇ ತೀರಿಕೊಂಡಿದ್ದರು. ತುರಾಂ ಆಟ ನಿಲ್ಲಿಸಿದರು. ಅದೇ ವರ್ಷ ಶಾಲಾ ಮಕ್ಕಳಿಗೆ ಜನಾಂಗದ್ವೇಷದ ಬಗ್ಗೆ ತಿಳಿಹೇಳುವ ಪ್ರತಿಷ್ಠಾನ ಕಟ್ಟಿದರು. ಒಂಬತ್ತನೇ ವಯಸ್ಸಿನಲ್ಲಿ ತಮಗೆ ಸಿಗದ ಉತ್ತರವನ್ನು ಈಗ ತಾವೇ ಕ್ಲಾಸುಗಳಿಗೆ ಹೋಗಿ ಹೇಳುತ್ತಾರೆ. ಇಬ್ಬರು ಗಂಡುಮಕ್ಕಳೂ ಫ್ರಾನ್ಸ್ ಪರ ಆಡಿದ್ದಾರೆ. ದೊಡ್ಡವನು ಮಾರ್ಕಸ್ 2024ರ ಯೂರೊ ಸಮಯದಲ್ಲಿ, ಚುನಾವಣೆ ಎದುರಿಗಿದ್ದಾಗ, ಲೆ ಪೆನ್ ಕಟ್ಟಿದ ಪಕ್ಷ ಗೆಲ್ಲಬಾರದು ಅಂತ ಬಹಿರಂಗವಾಗಿ ಹೇಳಿದ.

ನಿಮ್ಮ ಮಗ ಮೈದಾನದಲ್ಲಿ ಭಾಷಣ ಮಾಡಲಿ ಅಂತ ನಾನು ಹೇಳುತ್ತಿಲ್ಲ. ಯಾರಾದರೂ ಅವನ ಮಾತನ್ನೋ ಬಣ್ಣವನ್ನೋ ಆಡಿಕೊಂಡರೆ ಮನೆಗೆ ಬಂದು ನಿಮ್ಮ ಹತ್ತಿರ ಹೇಳುವ ಧೈರ್ಯ ಅವನಿಗಿರಲಿ, ಕೋಚ್ ಹತ್ತಿರ ನೀವೂ ಜೊತೆಗೆ ಹೋಗಿ. ಹಾಗೇ ಆ ಕ್ರೊಯೇಷಿಯಾ ಪಂದ್ಯ ಸಿಕ್ಕರೆ ಗೋಲುಗಳ ತುಣುಕಲ್ಲ, ಪೂರ್ತಿ ತೊಂಬತ್ತು ನಿಮಿಷ ಅವನ ಜೊತೆ ಕೂತು ನೋಡಿ. ಅಂದಹಾಗೆ ಅವನು ಆಡುವುದು ಬಲಗಡೆಯಾ, ನಡುವೆಯಾ? ತುರಾಂಗೆ ನಡುವೆ ಆಡುವುದೇ ಇಷ್ಟವಿತ್ತು, ಫ್ರಾನ್ಸ್ ತಂಡ ಬಹಳ ವರ್ಷ ಬಲಗಡೆ ನಿಲ್ಲಿಸಿತು. ಮುಂದಿನ ಪತ್ರದಲ್ಲಿ ಬರೆಯಿರಿ.

— ಸಂಪಾದಕ